57 ಸುರಂಗ, ಒಂದು ಜೇಬು

ಯಶವಂತಪುರದಲ್ಲಿ ಗಾಡಿ ಹತ್ತಿದಾಗ ಫೋನಿನಲ್ಲಿ ನೂರಕ್ಕೆ ನೂರು ಚಾರ್ಜ್ ಇತ್ತು. ಇಷ್ಟು ಖಚಿತವಾಗಿ ನೆನಪಿರಲು ಕಾರಣವಿದೆ. ಟಿಕೆಟ್ ಅದರಲ್ಲೇ, ಸುಬ್ರಹ್ಮಣ್ಯದ ರೂಮಿನ ಬುಕಿಂಗ್ ಅದರಲ್ಲೇ, ದುಡ್ಡೂ ಅದರಲ್ಲೇ. ಪರ್ಸಿನಲ್ಲಿ ಉಳಿದಿದ್ದು ಒಂದು ನೂರರ ನೋಟು, ಯಾವುದೋ ಕಾಲದ ಲಾಂಡ್ರಿ ಚೀಟಿ.

ಕುಣಿಗಲ್, ಶ್ರವಣಬೆಳಗೊಳದ ದಾರಿ. 2017ರಲ್ಲಿ ಈ ಹಳಿ ಪೂರ್ತಿಯಾದ ಮೇಲೆ ಹಾಸನ ಹತ್ತಿರವಾಗಿದೆ. ಎದುರು ಸೀಟಿನಲ್ಲಿ ಅಕ್ಕನ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. ಇಂಜಿನಿಯರಿಂಗ್ ಮೂರನೇ ವರ್ಷ. ಅವಳ ಪಕ್ಕ ಬಿಳಿ ಪಂಚೆಯ ಹಿರಿಯರೊಬ್ಬರು, ಮಡಿಲಲ್ಲಿ ಬಾಳೆಗೊನೆಯ ಚೀಲ. ಸಕಲೇಶಪುರ ಬಂದಾಗ ಫೋನ್ ತೆಗೆದು ನೋಡಿದರೆ 74. ಅಲ್ಲಿಯವರೆಗೆ ನಾನು ಅದನ್ನು ಮುಟ್ಟಿದ್ದು ಟಿಕೆಟ್ ತೋರಿಸಲು ಮಾತ್ರ. ವಿಚಿತ್ರ ಅನ್ನಿಸಿತು. ಆದರೆ ಅಷ್ಟರಲ್ಲಿ ಘಾಟಿ ಶುರುವಾಯಿತು, ಮರೆತೆ.

ಸಕಲೇಶಪುರದಲ್ಲಿ ಗಾಡಿ ತುಸು ಹೆಚ್ಚೇ ನಿಲ್ಲುತ್ತದೆ. ಬ್ರೇಕ್ ಪರೀಕ್ಷೆ ಆಗದೆ ಕೆಳಗಿಳಿಯಲು ಬಿಡುವುದಿಲ್ಲ. ಮುಂದಿನದು ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿಲೋಮೀಟರ್ ಹಾದಿ: 57 ಸುರಂಗ, ನೂರಕ್ಕೂ ಮಿಕ್ಕಿ ಸೇತುವೆ, ಪ್ರತಿ 50 ಅಡಿಗೆ ಒಂದಡಿ ಇಳಿಜಾರು. 1979ರಲ್ಲಿ ಮೊದಲು ಮೀಟರ್‌ಗೇಜ್ ಗಾಡಿಗೆಂದು ಕೊರೆದ ದಾರಿ ಇದು. ಮೊದಲ ಸುರಂಗ ಬಂತೋ ಇಲ್ಲವೋ ಬೋಗಿಯ ಮಕ್ಕಳೆಲ್ಲ ‘ಹೋ…’ ಎಂದು ಕೂಗಿದರು. ಎರಡನೆಯದಕ್ಕೆ ದೊಡ್ಡವರೂ ಕೂಗಿದರು. ಮೂರನೆಯದಕ್ಕೆ ನಾನು. ಕತ್ತಲೆಯಲ್ಲಿ ಮುಖಕ್ಕೆ ತಣ್ಣನೆಯ ಒದ್ದೆ ಗಾಳಿ, ಕಲ್ಲಿನ ವಾಸನೆ. ಹೊರಬಿದ್ದರೆ ಸೇತುವೆ, ಕೆಳಗೆ ಮರಗಳ ನೆತ್ತಿ. ಮರವನ್ನು ಮೇಲಿಂದ ನೋಡುವ ಭಾಗ್ಯ ಹಕ್ಕಿಗಳನ್ನು ಬಿಟ್ಟರೆ ಈ ಗಾಡಿಯವರಿಗೇ ಇರಬೇಕು. ಬಂಡೆಯ ಮೇಲಿಂದ ಬಿಳಿ ನೀರು ಹಳಿಯ ಅಂಚಿಗೇ ಬಂದು ಬೀಳುತ್ತಿತ್ತು. ಕೈ ಚಾಚಿದೆ, ಅಂಗಿಯ ತೋಳು ಪೂರ್ತಿ ತೊಯ್ದಿತು. ಒಂದೂವರೆ ತಾಸಿನಲ್ಲಿ 140 ಫೋಟೊ, 11 ವಿಡಿಯೊ ತೆಗೆದಿದ್ದೆ.

ಎಡಕುಮೇರಿಯಲ್ಲಿ ಗಾಡಿ ನಿಂತಿತು. ರಸ್ತೆಯೇ ಇಲ್ಲದ ಸ್ಟೇಷನ್ನು. ಸುತ್ತ ಕಾಡು, ಜೀರುಂಡೆಯ ಒಂದೇ ಶ್ರುತಿ. ಆಗ ತೊಡೆ ಸುಡುತ್ತಿರುವುದು ಗಮನಕ್ಕೆ ಬಂತು. ಜೇಬಿನಿಂದ ತೆಗೆದರೆ ಫೋನು ಆಗತಾನೇ ಕಾವಲಿಯಿಂದ ಎತ್ತಿದ ದೋಸೆಯ ಹಾಗಿತ್ತು. 43.

‘ಕೂಗ್ತಾ ಇದೆ ಸಾರ್ ಅದು,’ ಅಂದರು ಪಂಚೆಯವರು. ಟೆಲಿಫೋನ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರಂತೆ. ‘ಟವರ್ ದೂರ ಆದಷ್ಟೂ ಜೋರಾಗಿ ಕೂಗುತ್ತೆ. ಸುರಂಗದಲ್ಲಿ ಏನೂ ಕೇಳಿಸ್ದೇ ಇದ್ರೆ ಎಲ್ಲಾ ದಿಕ್ಕಿಗೂ ಕಿವಿ ಇಟ್ಟು ಹುಡುಕುತ್ತೆ. ಹೊರಗೆ ಬಂದ ತಕ್ಷಣ ಮತ್ತೆ ಮೊದಲಿಂದ. ನಮ್ಮ ಕಾಲದ ಫೋನಿಗೆ ಈ ಗೋಳಿರ್ಲಿಲ್ಲ. ಎಕ್ಸ್‌ಚೇಂಜಿಂದ 48 ವೋಲ್ಟ್ ತಂತಿಯಲ್ಲೇ ಬರ್ತಿತ್ತು. ಊರಿಗೆಲ್ಲಾ ಕರೆಂಟ್ ಹೋದ್ರೂ ಫೋನ್ ಮಾತಾಡ್ತಿತ್ತು.’

ಅಕ್ಕನ ಮಗಳು ಇಯರ್‌ಫೋನ್ ತೆಗೆದಳು. ‘ಕೊಡು ಮಾಮ ಇಲ್ಲಿ.’

ಸೆಟ್ಟಿಂಗ್ಸ್‌ಗೆ ಹೋಗಿ ‘ಬ್ಯಾಟರಿ’ ಒತ್ತಿದಳು. ಬೆಳಗಿನಿಂದ ಇಲ್ಲಿಯವರೆಗಿನ ಗೆರೆ ಅಲ್ಲಿತ್ತು. ಹಾಸನದವರೆಗೆ ಬಯಲುಸೀಮೆ, ಆಮೇಲೆ ಘಾಟಿ. ಕೆಳಗೆ ಆ್ಯಪ್‌ಗಳ ಪಟ್ಟಿ. ಎಲ್ಲರಿಗಿಂತ ಮೇಲೆ ಕೂತಿದ್ದು ಹವಾಮಾನ ಹೇಳುವ ಪುಟ್ಟ ಆ್ಯಪ್: ತೆರೆಯ ಮೇಲೆ 2 ನಿಮಿಷ, ಹಿನ್ನೆಲೆಯಲ್ಲಿ 4 ಗಂಟೆ 6 ನಿಮಿಷ.

‘ಇದ್ಯಾಕೆ?’

‘ಮಳೆ ಬರುತ್ತಾ ಅಂತ ನೋಡೋಕೆ.’

‘ಕಿಟಕಿ ಇದೆಯಲ್ಲ ಮಾಮ.’

ನನಗೆ ನಗು ಬರಲಿಲ್ಲ, ಬೆರಗಾಯಿತು. ನಾನು ಕಿಟಕಿಯಲ್ಲಿ ಮರಗಳ ನೆತ್ತಿ ನೋಡುತ್ತ ಕೂತಿದ್ದಾಗ ಜೇಬಿನೊಳಗಿನ ಈ ಪ್ರಾಣಿ ‘ಈಗೆಲ್ಲಿದ್ದೇನೆ, ಈಗೆಲ್ಲಿದ್ದೇನೆ’ ಎಂದು ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲಿರುವ ಉಪಗ್ರಹಗಳ ದನಿಗೆ ಕಾದಿತ್ತು. ಸುರಂಗ ಬಂದಾಗ ಆಕಾಶ ಕಳೆದುಕೊಂಡು, ಹೊರಬಂದಾಗ ಮತ್ತೆ ತಡಕಾಡಿತ್ತು. ಅದರದೂ ಪ್ರವಾಸವೇ. ಅದರ ಬೆನ್ನಿಗೇ ಎರಡನೆಯ ಅಪರಾಧಿ: ಫೋಟೊಗಳ ಪ್ರತಿಯನ್ನು ದೂರದ ಯಾವುದೋ ಸರ್ವರಿನಲ್ಲಿ ಇಡುವ ಆ್ಯಪ್. ನಾನು ಕ್ಲಿಕ್ಕಿಸಿದ ಪ್ರತಿಯೊಂದು ಜಲಪಾತವನ್ನೂ ಅದು ಅಲ್ಲಿಂದಲೇ ಕಳಿಸಲು ಹೊರಟಿತ್ತು. ಅರ್ಧ ಹೋದಾಗ ಸುರಂಗ. ಮತ್ತೆ ಪ್ರಯತ್ನ, ಮತ್ತೆ ಸುರಂಗ.

ಆಮೇಲೆ ಅವಳು ಹೇಳಿದ ಒಂದು ಸಂಗತಿ ಮಾತ್ರ ಇವತ್ತಿಗೂ ತಲೆಯಿಂದ ಹೋಗಿಲ್ಲ. ಆಂಡ್ರಾಯ್ಡ್ ಫೋನಿಗೆ 2015ರಿಂದ ‘ಡೋಜ್’ ಎಂಬ ತೂಕಡಿಕೆ ಕಲಿಸಿದ್ದಾರಂತೆ. ಚಾರ್ಜರ್ ಇಲ್ಲದೆ, ತೆರೆ ಆರಿ, ಅಲುಗಾಡದೆ ಒಂದಷ್ಟು ಹೊತ್ತು ಬಿದ್ದಿದ್ದರೆ ಫೋನು ಗಾಢ ನಿದ್ದೆಗೆ ಜಾರುತ್ತದೆ. ಆಗ ಯಾವ ಆ್ಯಪ್ ಬಂದು ಬಾಗಿಲು ತಟ್ಟಿದರೂ ‘ಇರಿ’ ಎನ್ನುತ್ತದೆ. ನಡುನಡುವೆ ಒಮ್ಮೆ ಕಣ್ಣು ತೆರೆದು ಎಲ್ಲರ ಕೆಲಸವನ್ನೂ ಒಟ್ಟಿಗೆ ಮುಗಿಸಿಕೊಟ್ಟು ಮತ್ತೆ ಮಲಗುತ್ತದೆ. ರಾತ್ರಿ ಕಳೆದಂತೆ ಆ ಎಚ್ಚರಗಳ ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ. ಆದರೆ ಅಲುಗಾಡಿದರೆ ಆ ಗಾಢ ನಿದ್ದೆ ಇಲ್ಲ. ಜೇಬಿನಲ್ಲಿ ಓಡಾಡುವವರಿಗೆಂದು ಮರುವರ್ಷ ಒಂದು ಅರೆನಿದ್ದೆ ಸೇರಿಸಿದರು, ಅಷ್ಟೆ.

ಯೋಚಿಸಿ. ನಮ್ಮಲ್ಲಿ ತೊಟ್ಟಿಲು ತೂಗಿದರೆ ಮಗು ಮಲಗುತ್ತದೆ. ಇದಕ್ಕೆ ತೂಗಿದರೆ ಎಚ್ಚರ. ಬೋಗಿಯ ಅರ್ಧ ಜನ ಗಾಡಿಯ ತೂಗಾಟಕ್ಕೆ ಗೊರಕೆ ಹೊಡೆಯುತ್ತಿದ್ದರು, ಅವರ ಜೇಬುಗಳಲ್ಲೆಲ್ಲ ಫೋನುಗಳು ಕಣ್ಣು ಬಿಟ್ಟುಕೊಂಡಿದ್ದವು.

ಗಾಬರಿಯಲ್ಲಿ ನಾನು ಫೋನ್ ಕಸಿದುಕೊಂಡು, ಎಂದಿನ ಅಭ್ಯಾಸದಂತೆ ತೆರೆದಿದ್ದ ಆ್ಯಪ್‌ಗಳನ್ನೆಲ್ಲ ಸೊಳ್ಳೆ ಹೊಡೆದ ಹಾಗೆ ಮೇಲಕ್ಕೆ ತಳ್ಳತೊಡಗಿದೆ. ಅವಳು ಕೈ ಹಿಡಿದಳು. ‘ಅದರಲ್ಲಿ ಹೆಚ್ಚಿನವು ಸುಮ್ನೆ ಕೂತಿರ್ತವೆ ಮಾಮ. ಓಡಿಸಿದ್ರೆ ಮತ್ತೆ ತೆರೆದಾಗ ಮೊದಲಿಂದ ಎದ್ದು ಬರ್ಬೇಕು, ಅದಕ್ಕೇ ಜಾಸ್ತಿ ಖರ್ಚು.’ ಎಷ್ಟೋ ವರ್ಷ ಶ್ರದ್ಧೆಯಿಂದ ಮಾಡಿದ ವ್ರತ ಅದು. ವ್ಯರ್ಥ ಅಂತ ಎಡಕುಮೇರಿಯಲ್ಲಿ ತಿಳಿಯಬೇಕಿತ್ತು.

ನೆಟ್ಟಣದ ಸುಬ್ರಹ್ಮಣ್ಯ ರೋಡ್ ಸ್ಟೇಷನ್ನಿನಲ್ಲಿ ಇಳಿದಾಗ 29. ದೇವಸ್ಥಾನಕ್ಕೆ ಇನ್ನೂ ಹನ್ನೆರಡು ಕಿಲೋಮೀಟರ್. ಜೀಪಿಗೆ ಕೊಟ್ಟಿದ್ದು ಆ ನೂರರ ನೋಟನ್ನೇ.

ರಾತ್ರಿ ರೂಮಿನಲ್ಲಿ ಚಿಕಿತ್ಸೆ ನಡೆಯಿತು. ಹವಾಮಾನದ ಆ್ಯಪ್‌ಗೆ ‘ಲೊಕೇಶನ್ ಯಾವಾಗಲೂ’ ಎಂದು ಹಿಂದೆಂದೋ ನಾನೇ ಹೂಂ ಅಂದಿದ್ದೆ. ಅದನ್ನು ‘ಬಳಸುವಾಗ ಮಾತ್ರ’ ಮಾಡಿದಳು. ಅದರ ಬ್ಯಾಟರಿ ಬಳಕೆಗೆ ‘ನಿರ್ಬಂಧಿತ’ ಅಂತ ಆರಿಸಿದಳು. ಫೋಟೊ ಆ್ಯಪ್‌ಗೆ ವೈಫೈ ಇದ್ದಾಗ ಮಾತ್ರ ಕೆಲಸ. ಉಳಿದದ್ದನ್ನೂ ಕಟ್ಟಿಹಾಕು ಅಂದೆ. ಒಪ್ಪಲಿಲ್ಲ. ‘ಅಮ್ಮನ ಮೆಸೇಜ್ ಬರೋದಕ್ಕೆ ಕೈ ಹಾಕ್ಬೇಡ. ಆಮೇಲೆ ಸಂಜೆ ಕಳ್ಸಿದ್ದು ಬೆಳಗ್ಗೆ ಬಂತು ಅಂತ ನನ್ನನ್ನೇ ಬೈತೀಯ.’ ಅಷ್ಟೂ ಆ್ಯಪ್‌ಗಳ ಸುದ್ದಿಯನ್ನು ಬಹುಮಟ್ಟಿಗೆ ಒಬ್ಬನೇ ಅಂಚೆಯವನು ತರುತ್ತಾನಂತೆ, ಒಂದೇ ದಾರಿಯಲ್ಲಿ. ಅವನಿಂದ ನಷ್ಟವಿಲ್ಲ. ಅವನನ್ನು ಕಾಯದೆ ಐದು ನಿಮಿಷಕ್ಕೊಮ್ಮೆ ತಾವೇ ಎದ್ದು ಬೀದಿಗೆ ಹೋಗಿ ನೋಡಿ ಬರುವವರದ್ದೇ ತೊಂದರೆ.

ಚಾರ್ಜ್ ಆಗುತ್ತಿದ್ದ ಫೋನನ್ನು ನೋಡುತ್ತ ಮಲಗಿದ್ದೆ. 5,000 ಎಂಎಎಚ್ ಎಂದರೆ ಹೆಚ್ಚುಕಡಿಮೆ 19 ವಾಟ್-ಅವರ್, ಅಂದಳು. ತಲೆಯ ಮೇಲೆ ಉರಿಯುತ್ತಿದ್ದ 9 ವಾಟಿನ ಎಲ್ಇಡಿ ಬಲ್ಬು ಎರಡು ತಾಸು ಉರಿದರೆ ಮುಗಿಯಿತು. ಎರಡು ತಾಸಿನ ಬಲ್ಬಿನಷ್ಟು ಬುತ್ತಿ ಕಟ್ಟಿಕೊಂಡು ಅದು ಉಪಗ್ರಹಗಳ ದನಿ ಹಿಡಿದಿತ್ತು, ಗುಡ್ಡದಾಚೆಯ ಟವರನ್ನು ಕೂಗಿತ್ತು, 140 ಚಿತ್ರ ಹೊತ್ತಿತ್ತು. ಆದರೂ 29 ಉಳಿಸಿ ನನ್ನನ್ನು ಕೆಳಗಿಳಿಸಿತ್ತು. ಬೈದದ್ದಕ್ಕೆ ಪಶ್ಚಾತ್ತಾಪವಾಯಿತು.

ಮೂರನೇ ದಿನ ವಾಪಸು. ಈ ಸಲ ಏರುದಾರಿ; ಗಾಡಿಯನ್ನು ನೂಕಲು ಹೆಚ್ಚುವರಿ ಇಂಜಿನ್ ಬಂದು ಸೇರಿತು. ಅದರ ಗುಡುಗು ಸೀಟಿನ ಕಬ್ಬಿಣದಲ್ಲೇ ತಿಳಿಯುತ್ತಿತ್ತು. ಏರೋಪ್ಲೇನ್ ಮೋಡ್ ಹಾಕಹೊರಟೆ. ‘ಈಗಲೇ ಬೇಡ. ಎರಡನ್ನೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಸರಿಹೋಯ್ತು ಅಂತ ಹೇಗೆ ಗೊತ್ತಾಗುತ್ತೆ?’ ನ್ಯಾಯದ ಮಾತು. ಹೊರಟಾಗ 96, ಎಡಕುಮೇರಿಯಲ್ಲಿ 88. ಆ ಎಂಟು ಬಹುಪಾಲು ಲೈನ್‌ಮನ್ ಹೇಳಿದ ಕೂಗಾಟದ್ದೇ ಇರಬೇಕು. ಅಲ್ಲಿಂದ ಏರೋಪ್ಲೇನ್ ಮೋಡ್. ಸಕಲೇಶಪುರದಲ್ಲಿ 86. ಜೇಬು ತಣ್ಣಗಿತ್ತು. ಫೋಟೊ ಕಡಿಮೆ ತೆಗೆದೆ, ನಿಜ. ಆದರೆ ಅದು ಬ್ಯಾಟರಿಗಾಗಿ ಅಲ್ಲ. ಏರುವಾಗ ಗಾಡಿ ನಿಧಾನ, ಬಂಡೆಯ ಮೇಲಿನ ಒಂದೊಂದು ಜರೀಗಿಡವೂ ನಿಂತು ಮಾತಾಡಿಸಿದಂತೆ ದಾಟುತ್ತಿತ್ತು.

ಹಾಸನದಲ್ಲಿ ನೆನಪಾಗಿ ಮೋಡ್ ತೆಗೆದೆ. ಅಕ್ಕನ ಮೆಸೇಜುಗಳು ಸಾಲಾಗಿ ಬಿದ್ದವು. ಹವಾಮಾನದ ಆ್ಯಪ್ ಮಾತ್ರ ತೆಪ್ಪಗಿತ್ತು. ಪಾಪ ಅನ್ನಿಸಿ ನಾನೇ ತೆರೆದು ಸಕಲೇಶಪುರ ಎಂದು ಕೇಳಿದೆ. ಮಳೆ ಬರುವ ಸಾಧ್ಯತೆ ಇದೆ ಎಂದಿತು. ನನ್ನ ತೋಳು ಆಗಲೇ ಮತ್ತೆ ಒದ್ದೆಯಾಗಿತ್ತು.