ಪುಸ್ತಕದಲ್ಲಿ ಬರ್ಕೊಳಿ

ಮೈಸೂರಿನ ದಟ್ಟಗಳ್ಳಿಗೆ ಬಂದ ಎರಡನೇ ದಿನ ರಾತ್ರಿ, ಹಾಲು ಕಾಯಿಸಿ ಆರಲು ಇಟ್ಟ ಮೇಲೆ ಹೆಪ್ಪಿಗೆ ಮಜ್ಜಿಗೆ ಇಲ್ಲವೆಂಬುದು ನೆನಪಾಯಿತು. ಅಭ್ಯಾಸಬಲ, ಲೋಟ ಹಿಡಿದು ಮೆಟ್ಟಿಲಿಗೆ ಬಂದೆ. ಎದುರುಮನೆ ಗೇಟಿಗೆ ಬೀಗ. ಪಕ್ಕದ ಗೇಟಿನಲ್ಲಿ ‘ನಾಯಿ ಇದೆ’ ಎಂಬ ಬೋರ್ಡು. ಸ್ವಲ್ಪ ಹೊತ್ತು ನಿಂತಿದ್ದು, ಲೋಟ ಒಳಗಿಟ್ಟು, ಅಂಗಡಿಗೆ ಹೋಗಿ ಮೊಸರಿನ ಪ್ಯಾಕೆಟ್ ತಂದೆ. ಅದರ ಮೂಲೆ ಕತ್ತರಿಸುವಾಗ ಅಳು ಬಂತು. ಪಿರಿಯಾಪಟ್ಟಣದಲ್ಲಿ ಬಾಳಿದ ಮೂವತ್ನಾಲ್ಕು ವರ್ಷದಲ್ಲಿ ಹೆಪ್ಪಿಗೆ ದುಡ್ಡು ಕೊಟ್ಟವಳಲ್ಲ ನಾನು.

ಊರು ಬಿಟ್ಟು ಬಂದವರ ಕಷ್ಟ ಅಂದರೆ ಎಲ್ಲರೂ ಬಾಡಿಗೆ, ಅಡ್ವಾನ್ಸು, ಸ್ಕೂಲ್ ಫೀಸು ಅಂತ ಲೆಕ್ಕ ಹೇಳುತ್ತಾರೆ. ಅವೆಲ್ಲ ಇವೆ. ಹೂಟಗಳ್ಳಿ ಕಡೆಯ ಕಾರ್ಖಾನೆಯಿಂದ ನಮ್ಮ ಯಜಮಾನರು ತರುವ ಸಂಬಳದಲ್ಲಿ ಹೆಚ್ಚುಕಡಿಮೆ ಅರ್ಧ ಬಾಡಿಗೆಗೇ ಸರಿ. ಅದಕ್ಕೆ ಗಟ್ಟಿ ಮನಸ್ಸು ಮಾಡಿಯೇ ಬಂದಿದ್ದೆವು. ಕರಿಬೇವಿಗೆ, ನಿಂಬೆಹಣ್ಣಿಗೆ, ಹಬ್ಬದ ಬಾಳೆಎಲೆಗೆ, ದೇವರ ತಲೆಗಿಡುವ ಒಂದು ದಾಸವಾಳಕ್ಕೆ ದುಡ್ಡು ಎಣಿಸಬೇಕಾದೀತೆಂದು ಮಾತ್ರ ಯಾರೂ ಹೇಳಿರಲಿಲ್ಲ. ಊರಲ್ಲಿ ಬೇಲಿಯಾಚೆ ಕೈಚಾಚಿದರೆ ಸಿಗುತ್ತಿದ್ದ ಪದಾರ್ಥಗಳು ಇವು. ತಿಂಗಳ ಕೊನೆಯಲ್ಲಿ ಕೂತು ಕೂಡಿಸಿದರೆ ಈ ಚಿಲ್ಲರೆಯೇ ಒಂದು ಸಿಲಿಂಡರಿನಷ್ಟಾಗುತ್ತದೆ.

ಇನ್ನೊಂದು ಕಡ. ಪಿರಿಯಾಪಟ್ಟಣ, ಹುಣಸೂರು, ಎಚ್.ಡಿ. ಕೋಟೆ ಎಲ್ಲ ಹೊಗೆಸೊಪ್ಪಿನ ಸೀಮೆ. ಬೇಸಿಗೆಯ ಕೊನೆಗೆ ನಾಟಿ, ಮಳೆಗಾಲದಲ್ಲಿ ಎಲೆ ಮುರಿದು ಬ್ಯಾರನ್‌ನಲ್ಲಿ ಬೇಯಿಸುವುದು, ಆಮೇಲೆ ತಂಬಾಕು ಮಂಡಳಿಯ ಹರಾಜು. ರೈತರ ಕೈಗೆ ದುಡ್ಡು ಬರುವುದು ಆಗಲೇ. ಅಲ್ಲಿವರೆಗೆ ಊರಿಗೆ ಊರೇ ಪುಸ್ತಕದ ಮೇಲೆ ನಡೆಯುತ್ತದೆ. ಕಿರಾಣಿ, ಬಟ್ಟೆ, ಮಾತ್ರೆ, ಮಗುವಿನ ನಾಮಕರಣದ ಬೆಲ್ಲ, ಎಲ್ಲದಕ್ಕೂ “ಹರಾಜಾದ್ಮೇಲೆ ಕೊಡ್ತೀವಿ, ಬರ್ಕೊಳಿ” ಎಂದರೆ ಸಾಕು. ಒಂದು ಗುಂಟೆ ಹೊಲವಿಲ್ಲದ ನಮಗೂ ಅದೇ ವಾಯಿದೆ. ಅಂಗಡಿಯವರಿಗೆ ನಮ್ಮ ಅಪ್ಪ ಗೊತ್ತು, ಅಪ್ಪನ ಅಪ್ಪ ಗೊತ್ತು. ಅದೇ ನಮ್ಮ ಜಾಮೀನು. ಇಲ್ಲಿ ಎರಡು ರೂಪಾಯಿ ಕಡಿಮೆಯಾದಾಗ “ನಾಳೆ ಕೊಡ್ತೀನಿ” ಅಂದೆ. ಅಂಗಡಿಯ ಹುಡುಗ ಏನೂ ಅನ್ನದೆ ಕೊತ್ತಂಬರಿ ಕಟ್ಟನ್ನು ಬುಟ್ಟಿಗೆ ವಾಪಸು ಹಾಕಿದ. ಅವನದು ತಪ್ಪೇನಿಲ್ಲ. ನನ್ನನ್ನು ಅವನಿಗೆ ಗೊತ್ತಿಲ್ಲ, ಅಷ್ಟೆ.

ಮೈಸೂರು ಹೀಗೆ ಬರಿಗೈಲಿ ಬಂದವರನ್ನು ಹಿಂದಿನಿಂದಲೂ ಕಂಡಿದೆ. ವಾರಾನ್ನ ಅಂತ ಒಂದಿತ್ತು: ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ಮನೆಯ ಊಟದಲ್ಲಿ ಹುಡುಗರ ಓದು ಸಾಗುತ್ತಿತ್ತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಿಂದ ಬಂದ ಕಾದಂಬರಿಕಾರ ಭೈರಪ್ಪನವರು ಓದಿನ ದಿನಗಳ ಇಂಥ ಪಾಡನ್ನು ಆತ್ಮಕಥೆ ‘ಭಿತ್ತಿ’ಯಲ್ಲಿ ಬರೆದಿದ್ದಾರೆ, ಅವರು ಬಹುಕಾಲ ಬಾಳಿದ ಮನೆ ನಮ್ಮ ಪಕ್ಕದ ಕುವೆಂಪುನಗರದಲ್ಲೇ ಇದೆ. ವಾರಾನ್ನ ಎಲ್ಲ ಜಾತಿಯ ಮಕ್ಕಳಿಗೂ ಸಿಗುತ್ತಿರಲಿಲ್ಲ, ಅದನ್ನೂ ಹೇಳಬೇಕು. ಹಳ್ಳಿಯ ಹುಡುಗರಿಗೆಂದು ಸುತ್ತೂರಿನ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1941ರಲ್ಲಿ ಇಲ್ಲಿ ಉಚಿತ ಪ್ರಸಾದ ನಿಲಯ ತೆರೆದರು. ಎಷ್ಟು ಮನೆಗಳಲ್ಲಿ ಆ ಅನ್ನದ ಋಣವಿದೆಯೋ! ಓದಲು ಬಂದ ಹುಡುಗನಿಗೆ ಹೀಗೆ ಒಂದು ಬಾಗಿಲು ತೆರೆಯಿತು. ಸಂಸಾರ ಕಟ್ಟಿಕೊಂಡು ಬಂದವರು ಯಾವ ಬಾಗಿಲು ತಟ್ಟಬೇಕು?

ಸರ್ಕಾರದ್ದು ಉಪಕಾರವಾಗಿದೆ, ಇಲ್ಲವೆನ್ನಲಾರೆ. ನಮ್ಮ ಕಾರ್ಡು ಪಿರಿಯಾಪಟ್ಟಣದ್ದಾದರೂ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಅಕ್ಕಿ ಬರುತ್ತದೆ. 2023ರ ಜೂನ್‌ನಿಂದ ಬಸ್ಸಿಗೆ ಹೆಂಗಸರು ದುಡ್ಡು ಕೊಡಬೇಕಿಲ್ಲ. ಮಷೀನಿಗೆ ನನ್ನ ಬೆರಳು ಗೊತ್ತಾಗುತ್ತದೆ. ಮುಖ ಗೊತ್ತಾಗುವುದಕ್ಕೆ ಮನುಷ್ಯರೇ ಬೇಕು.

ನನಗೆ ಆ ಮನುಷ್ಯರು ಸಿಕ್ಕಿದ್ದು ಸೀರೆಯಿಂದ. ಫಾಲ್ ಹಾಕುವುದು, ಕುಚ್ಚು ಕಟ್ಟುವುದು ಅಮ್ಮನಿಂದ ಕಲಿತದ್ದು. ಸೆರಗಿನ ಎಳೆಗಳನ್ನು ಎಣಿಸಿ ಬಿಡಿಸಿ, ರೇಷ್ಮೆದಾರ ಸೇರಿಸಿ, ಮೊದಲ ಗಂಟು ಬಿಗಿಯಾಗಿ, ಎರಡನೆಯದು ಅದರ ಮೇಲೇ ಕೂರುವಂತೆ ಕಟ್ಟಬೇಕು. ಒಂದು ಎಳೆ ಸಡಿಲವಾದರೂ ಇಡೀ ಸಾಲು ಓರೆ. ಯುಗಾದಿಗೆ ಮುಂಚೆ ಕೆಲಸ ಕೊಟ್ಟವರು ಹಳೇ ದಟ್ಟಗಳ್ಳಿಯ ಒಬ್ಬ ಅಜ್ಜಿ. ಬಡಾವಣೆಗಳು ಬರುವ ಮೊದಲು ಇದೂ ಒಂದು ಹಳ್ಳಿಯೇ. ಅವರ ಮಗಳ ಮನೆಯ ಮುಂಭಾಗವೇ ಚಿಕ್ಕ ಅಂಗಡಿ. “ನೀವಿರೋ ಬೀದಿ ಐತಲ್ಲವ್ವಾ, ಅಲ್ಲೆಲ್ಲಾ ಹುರುಳಿ ಬೆಳೀತಿದ್ವಿ” ಎಂದು ಶುರುಮಾಡಿದವರು ಲಿಂಗಾಂಬುಧಿ ಕೆರೆಯಲ್ಲಿ ದುಪ್ಪಟಿ ಒಗೆದ ಕಾಲಕ್ಕೆ ಹೋದರು. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ಹೆಸರಿನಲ್ಲಿ ಕಟ್ಟಿಸಿದ ಕೆರೆ ಅದು. ಅಜ್ಜಿಗೆ ಮಾತ್ರ ಅದು ತವರಿನ ಹಿತ್ತಲಿದ್ದ ಹಾಗೆ. ಊರಿಗೆ ಊರೇ ಮೈಮೇಲೆ ಬಂದು ಕೂತು, ಅವರು ಊರು ಬಿಡದೆ ಪರಸ್ಥಳದವರಾದರು. ನಾವಿಬ್ಬರೂ ಒಂದೇ ಕಷ್ಟದವರು ಅನ್ನಿಸಿತು.

ಹೋದ ತಿಂಗಳು ಇಪ್ಪತ್ತೈದರ ಹೊತ್ತಿಗೆ ಮನೆಯಲ್ಲಿ ಬೇಳೆ, ಎಣ್ಣೆ ಎರಡೂ ಮುಗಿದವು. ಅಜ್ಜಿಯ ಮಗಳ ಹತ್ತಿರ ಬಾಯಿಬಿಟ್ಟು ಕೇಳಿದೆ. ಆಕೆ ಉದ್ದನೆಯ ಪುಸ್ತಕ ತೆಗೆದು ಹೊಸ ಹಾಳೆ ತಿರುವಿದರು. ನಾನು ಮನೆ ನಂಬರು, ಕ್ರಾಸು ಹೇಳಲು ಹೋದೆ. “ಅದ್ಯಾಕೆ ಬಿಡಿ ಅಕ್ಕಾ” ಅಂದು ಮೇಲ್ಗಡೆ ಬರೆದರು: ಕುಚ್ಚಿನ ಪಿರಿಯಾಪಟ್ಣದೋರು.

ಒಂದನೇ ತಾರೀಕು ದುಡ್ಡು ಕೊಟ್ಟಾಗ ಮೊತ್ತದ ಮೇಲೆ ಗೀಟು ಎಳೆದರು. ಹೆಸರು ಹಾಗೇ ಇತ್ತು. ಅದರ ಕೆಳಗೆ ಹೊಸ ತಿಂಗಳ ಮೊದಲ ಸಾಲು ಬರೆಸಿ ಬಂದೆ: ಅರ್ಧ ಕೆ.ಜಿ. ರವೆ.