ಒಂದು ಅಗುಳು ಹಿಸುಕಿದರೆ ಸಾಲದು

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯೋಕೆ ನಾವು ಏನು ಮಾಡ್ತೀವಿ? ಒಂದು ಅಗುಳು ತೆಗೆದು ಹಿಸುಕಿ ನೋಡ್ತೀವಿ. ಇಡೀ ಪಾತ್ರೆಯ ಸಮಾಚಾರ ಗೊತ್ತಾಗಿಬಿಡುತ್ತದೆ. ಚುಚ್ಚುಮದ್ದಿನ ವಿಷಯವೂ ಹೀಗೇ ಅಂತ ನಾನು ಬಹಳ ದಿನ ತಿಳಿದಿದ್ದೆ. ಅದು ತಪ್ಪು ಅಂತ ಗೊತ್ತಾಗುವ ಹೊತ್ತಿಗೆ ನನ್ನ ತಮ್ಮ ಹಾಸಿಗೆ ಹಿಡಿದಿದ್ದ.

ನನ್ನನ್ನು ಕೊಟ್ಟಿದ್ದು ಶಿಕಾರಿಪುರಕ್ಕೆ. ತವರು ಸೊರಬ ತಾಲ್ಲೂಕಿನ ಕಾಡಂಚಿನ ಹಳ್ಳಿ. ಅದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು, ಮುಸಿಯಗಳು ಸತ್ತು ಬೀಳತೊಡಗಿದವು. ಹಿಂದೆಯೇ ಜನರಿಗೂ ಜ್ವರ. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಸತ್ತ ಮಂಗಗಳಿಂದಲೂ ಕಾಯಿಲೆಯವರ ರಕ್ತದಿಂದಲೂ ತೆಗೆದಿದ್ದನ್ನು ಬಿಳಿ ಇಲಿಮರಿಗಳಿಗೆ ಚುಚ್ಚಿದರು. ಇಲಿಮರಿಗಳು ಕಾಯಿಲೆ ಬಿದ್ದವು. ಎರಡರಲ್ಲೂ ಇರುವುದು ಒಂದೇ ವೈರಸ್ ಅಂತ ಹೀಗೆ ಗೊತ್ತಾಯಿತು. ಅದನ್ನು ಹರಡುವುದು ಕಾಡಿನ ಉಣುಗು. ನಾವು ‘ಮಂಗನ ಕಾಯಿಲೆ’ ಅನ್ನುವುದಕ್ಕೆ ಲೋಕವೆಲ್ಲ ಕ್ಯಾಸನೂರಿನ ಹೆಸರನ್ನೇ ಇಟ್ಟಿದೆ.

ಈ ವೈರಸ್ಸಿಗೆ ರಷ್ಯಾ ಕಡೆಯ ಒಂದು ಮೆದುಳುಜ್ವರದ ವೈರಸ್ ಹತ್ತಿರದ ನೆಂಟ. ಹಾಗಾಗಿ ಇಲಿಯ ಮೆದುಳಿನಲ್ಲಿ ಬೆಳೆಸಿ ತಯಾರಿಸಿದ ಆ ಜ್ವರದ ಲಸಿಕೆಯನ್ನೇ ಮೊದಲು ನಮ್ಮ ಕಡೆಯ ಜನರಿಗೆ ಕೊಟ್ಟು ನೋಡಿದರು. ನಮ್ಮಜ್ಜಿಯೂ ಹಾಕಿಸಿಕೊಂಡಿದ್ದಳಂತೆ. “ನಂಗೆ ಕಾಯಿಲೆ ಬರಲಿಲ್ಲ ನೋಡು, ಸೂಜಿ ಒಳ್ಳೇದೇ ಇತ್ತು” ಅಂತಿದ್ದಳು. ಆದರೆ ಹಾಕಿಸಿಕೊಂಡವರನ್ನೂ ಹಾಕಿಸಿಕೊಳ್ಳದವರನ್ನೂ ಹೋಲಿಸಿ ನೋಡಿದಾಗ ಆ ಲಸಿಕೆ ನಮ್ಮ ಕಾಯಿಲೆಗೆ ಉಪಯೋಗಕ್ಕೆ ಬಂದಿರಲಿಲ್ಲ. ಅಜ್ಜಿ ಸುಳ್ಳು ಹೇಳಲಿಲ್ಲ. ಅವಳು ಒಂದು ಅಗುಳು, ಅಷ್ಟೇ.

ಇಲಿಯದೂ ಅದೇ ಕಥೆ. ಇಲಿಗೆ ಈ ವೈರಸ್ ಹತ್ತಿದರೆ ಮೆದುಳಿಗೆ ಏರಿ ಸಾಯುತ್ತದೆ. ಮನುಷ್ಯರಿಗೆ ಹಾಗಲ್ಲ. ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಮೈಕೈ ಮುರಿದ ಹಾಗೆ ನೋವು, ಕೆಲವರಿಗೆ ರಕ್ತಸ್ರಾವ. ಇನ್ನು ಕೆಲವರಿಗೆ ಜ್ವರ ಬಿಟ್ಟು ಒಂದೆರಡು ವಾರವಾದ ಮೇಲೆ ತಿರುಗಿ ಬಂದು, ಆಗ ಕೈ ನಡುಕ, ಬುದ್ಧಿ ಮಂಕು. ಇಲಿಗೆ ಒಳ್ಳೇದಾಯ್ತು ಅಂದಮಾತ್ರಕ್ಕೆ ನಮಗೂ ಆಗುತ್ತದೆ ಅನ್ನುವ ಹಾಗಿಲ್ಲ. ಹಾಗಂತ ಇಲಿಯ ಮೇಲೆ ನೋಡದೆ ನಮ್ಮ ತೋಳಿಗೆ ಚುಚ್ಚಿದರೆ ಒಪ್ಪಿಕೊಳ್ತೀರಾ ಹೇಳಿ?

ಆಮೇಲೆ ನಮ್ಮ ವೈರಸ್ಸನ್ನೇ ಕೋಳಿಭ್ರೂಣದ ಜೀವಕೋಶದಲ್ಲಿ ಬೆಳೆಸಿ, ಫಾರ್ಮಲಿನ್‌ನಲ್ಲಿ ಕೊಂದು, ಬೇರೆ ಲಸಿಕೆ ಮಾಡಿದರು. ಅದನ್ನೂ ಮೊದಲು ಇಲಿಗೆ, ಆಮೇಲೆ ಜನರಿಗೆ. 1990ರಿಂದ 1992ರವರೆಗೆ ನಮ್ಮ ಹಳ್ಳಿಗಾಡಿನಲ್ಲೇ ಲೆಕ್ಕ ಹಾಕಿದಾಗ ಒಂದು ಸಲ ಹಾಕಿಸಿಕೊಂಡರೆ ಶೇ. 79, ಎರಡು ಸಲಕ್ಕೆ ಶೇ. 93 ರಕ್ಷಣೆ ಅಂತ ಬಂತು.

ನನ್ನ ತಪ್ಪು ನಡೆದಿದ್ದು 2008ರಲ್ಲಿ. ನಾನು ಬಾಣಂತನಕ್ಕೆ ತವರಿಗೆ ಹೋಗಿದ್ದೆ. ತಮ್ಮ ಒಂದು ಸೂಜಿ ಹಾಕಿಸಿಕೊಂಡಿದ್ದ. ತೋಳು ಉರಿದು ಎರಡು ದಿನ ಎತ್ತಲಾಗಿರಲಿಲ್ಲ. ತಿಂಗಳಾದ ಮೇಲೆ ನರ್ಸಮ್ಮ ಎರಡನೆಯದಕ್ಕೆ ಬಂದಾಗ ಅಡಿಕೆ ಕೊಯ್ಲು. “ಒಂದು ಆಗಿದೆಯಲ್ಲ, ಸಾಕು ಬಿಡಿ. ನಮ್ಮಜ್ಜಿಗೆ ಒಂದರಲ್ಲೇ ಏನೂ ಬರಲಿಲ್ಲ” ಅಂತ ದೊಡ್ಡಕ್ಕನ ಠೀವಿಯಲ್ಲಿ ನಾನೇ ಹೇಳಿ ಕಳಿಸಿದೆ. ಫೆಬ್ರವರಿಯಲ್ಲಿ ದರಕು ತರಲು ಹೋದವನಿಗೆ ಜ್ವರ ಬಂತು. ಬದುಕಿಕೊಂಡ. ಆದರೆ ಮೂರು ತಿಂಗಳು ಕಾಫಿ ಲೋಟ ತುಳುಕದ ಹಾಗೆ ಹಿಡಿಯಲು ಅವನಿಂದ ಆಗಲಿಲ್ಲ. ನಾನು ಅರ್ಧ ಲೋಟವೇ ಕೊಡುತ್ತಿದ್ದೆ.

2005ರಿಂದ 2010ರವರೆಗಿನ ಲೆಕ್ಕ 2013ರಲ್ಲಿ ಪ್ರಕಟವಾಯಿತು. ಒಂದೇ ಸೂಜಿಯಿಂದ ರಕ್ಷಣೆ ಕಾಣಲಿಲ್ಲ, ಎರಡಕ್ಕೆ ಶೇ. 62, ಬೂಸ್ಟರ್ ಸೇರಿದರೆ ಶೇ. 83 ಅಂತ ಅದರಲ್ಲಿತ್ತು. ಹಳೆಯ ಲೆಕ್ಕಕ್ಕಿಂತ ಎಷ್ಟು ಕಡಿಮೆ ನೋಡಿ. ಹಿಂದೆ ಬೆಂದಿತ್ತು ಅಂತ ಇವತ್ತೂ ಬೆಂದಿರುತ್ತದೆ ಅನ್ನುವ ಹಾಗಿಲ್ಲ. ಮತ್ತೆ ಮತ್ತೆ ನೋಡುತ್ತಲೇ ಇರಬೇಕು. ಆ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿಯೇಬಿಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸಂಸ್ಥೆಯ ಜೊತೆ ಸೇರಿ ಹೊಸದಕ್ಕೆ ಕೈ ಹಾಕಿದೆ.

ಹೊಸ ಲಸಿಕೆ ಅಂದಮೇಲೆ ಅದೇ ದಾರಿ. ಮೊದಲು ಪ್ರಾಣಿಗಳು, ಆಮೇಲೆ ಕೆಲವೇ ಆರೋಗ್ಯವಂತರಲ್ಲಿ ಅಪಾಯವಿಲ್ಲವೇ ಅಂತ, ಆಮೇಲೆ ಹೆಚ್ಚು ಜನರಲ್ಲಿ ಎಷ್ಟು ಪ್ರಮಾಣ, ಎಷ್ಟು ಸಲ ಅಂತ, ಕೊನೆಗೆ ನಿಜಕ್ಕೂ ಕಾಯುತ್ತದೆಯೇ ಅಂತ. ಕಾಯುತ್ತದೆಯೇ ಅಂತ ನೋಡಬೇಕಾದರೆ ಕಾಯಿಲೆ ಇರುವ ಊರಿಗೇ ಬರಬೇಕು. ನಾಳೆ ನಿಮ್ಮ ಬಾಗಿಲಿಗೆ ಯಾರಾದರೂ ಬಂದರೆ ಹೆದರಬೇಡಿ, ಹಾಗೇ ತಲೆಯಾಡಿಸಲೂ ಬೇಡಿ. ಇದು ಪರೀಕ್ಷೆಯೋ ಚಿಕಿತ್ಸೆಯೋ? ಎಷ್ಟು ಸಲ ಬರಬೇಕು? ತೊಂದರೆಯಾದರೆ ಯಾರು ನೋಡಿಕೊಳ್ತಾರೆ? ನಡುವೆ ಬೇಡ ಅನಿಸಿದರೆ ಬಿಡಬಹುದೇ? ಎಲ್ಲ ಕೇಳಿ, ತಿಳಿದ ಮೇಲೇ ಸಹಿ ಹಾಕಿ. ಕೇಳುವುದು ನಿಮ್ಮ ಹಕ್ಕು.

ಅಲ್ಲಿಯವರೆಗೆ ನಮ್ಮ ಜೋಪಾನ ನಮ್ಮ ಕೈಯಲ್ಲಿ. ನವೆಂಬರಿನಿಂದ ಮೇವರೆಗೆ ಕಾಡಿಗೆ ಹೋಗುವವರು ಮೈ ತುಂಬ ಬಟ್ಟೆ ಹಾಕಿ, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದ ಕೂಡಲೇ ಬಿಸಿನೀರಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಮುಟ್ಟದೆ ಆಶಾ ಕಾರ್ಯಕರ್ತೆಗೆ ತಿಳಿಸಿ. ಜ್ವರ ಬಂದರೆ ಕಷಾಯದಲ್ಲಿ ದಿನ ಕಳೆಯಬೇಡಿ, ರಕ್ತ ಪರೀಕ್ಷೆ ಮಾಡಿಸಿ.

ಮೊನ್ನೆ ಹಬ್ಬಕ್ಕೆ ಹೋದಾಗ ತಮ್ಮನನ್ನು ಕೇಳಿದೆ, “ಹೊಸ ಸೂಜಿ ಪರೀಕ್ಷೆಗೆ ಅಂತ ನಮ್ಮೂರಿಗೆ ಬಂದರೆ ಏನು ಮಾಡ್ತೀಯೋ?” ಅವನು ತುಂಬಿದ ಲೋಟ ಕೆಳಗಿಟ್ಟು ನಕ್ಕ. “ನಂಗೆ ಕಾಯಿಲೆ ಬಂದು ಹೋಗಿದೆ, ನನ್ನನ್ನು ತಗೊಳ್ತಾರೋ ಇಲ್ಲವೋ. ಮಗ ಕೇಳಿದರೆ ಹೋಗು ಅಂತೀನಿ. ಆದ್ರೆ ಅಕ್ಕಾ, ಕೊಯ್ಲಿರಲಿ, ಮದುವೆಯಿರಲಿ, ಎರಡನೇ ಸೂಜಿಗೆ ನೀನೇ ಬಂದು ಕರ್ಕೊಂಡು ಹೋಗಬೇಕು.”

ಹೂಂ ಅಂದೆ.