ಮರೆವನ್ನು ಯಾವ ಮಾತಿನಲ್ಲಿ ಅಳೆಯೋಣ?

ಕಲ್ಲಿಕೋಟೆಯಿಂದ ಬರುವ 766ನೇ ರಾಷ್ಟ್ರೀಯ ಹೆದ್ದಾರಿ ಗುಂಡ್ಲುಪೇಟೆ, ನಂಜನಗೂಡು, ಮೈಸೂರು ದಾಟಿ ಟಿ. ನರಸೀಪುರದ ಮೇಲೆ ಕೊಳ್ಳೇಗಾಲಕ್ಕೆ ಹೋಗುತ್ತದೆ. ಈ ದಾರಿಯುದ್ದಕ್ಕೂ ಸಂತೆಯಲ್ಲಿ ಕನ್ನಡ, ಒಲೆ ಮುಂದೆ ಇನ್ನೊಂದು ಮಾತು ಆಡುವ ಮನೆಗಳಿವೆ. ಕೆಲವರದು ಉರ್ದು, ಕೆಲವರದು ತಮಿಳು, ತೆಲುಗು. ಗಟ್ಟಿಮುಟ್ಟಾಗಿರುವ ತನಕ ಇದು ಯಾರಿಗೂ ತೊಡಕಲ್ಲ. ಎಪ್ಪತ್ತು ದಾಟಿ, ಮರೆವು ಶುರುವಾಗಿ, ಆಸ್ಪತ್ರೆಯಲ್ಲಿ ನೆನಪಿನ ಪರೀಕ್ಷೆಗೆ ಕೂತ ದಿನ ತೊಡಕಾಗುತ್ತದೆ.

ನಂಜನಗೂಡಿನಲ್ಲಿ ನನಗೆ ಪರಿಚಯದ ಮನೆಯ ಅಜ್ಜಿಯದು ದಖ್ಖನಿ ಉರ್ದು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಪರೀಕ್ಷೆ ಕನ್ನಡದಲ್ಲಿ ನಡೆಯಿತು. "ಅಜ್ಜಿ, ಇವತ್ತು ತಾರೀಕು ಎಷ್ಟು?" "ತಾರೀಕು ತಗಂಡು ನಾನೇನ್ ಮಾಡ್ಲವ್ವ?" ಒಂದು ನಿಮಿಷದಲ್ಲಿ ಎಷ್ಟಾಗುತ್ತೋ ಅಷ್ಟು ಪ್ರಾಣಿಗಳ ಹೆಸರು ಹೇಳಿ ಎಂದಾಗ ಹಸು, ಎಮ್ಮೆ, ಕುರಿ, ನಾಯಿ ಅಂದು ನಿಂತುಬಿಟ್ಟರು. ಅಂಕ ತೀರಾ ಕಮ್ಮಿ ಬಂತು. ಸಂಜೆ ಮೊಮ್ಮಗಳು ಮನೆಮಾತಿನಲ್ಲಿ ಅದನ್ನೇ ಕೇಳಿದಳು. ಬಕ್ರಿ, ಬಿಲ್ಲಿ, ಘೋಡಾ, ಊಂಟ್ ಎಂದು ಅಜ್ಜಿ ಹೇಳುತ್ತಲೇ ಹೋದರು. ರಂಜಾನ್‌ಗೆ ಇನ್ನೆಷ್ಟು ದಿನ, ಶ್ರೀಕಂಠೇಶ್ವರನ ದೊಡ್ಡ ಜಾತ್ರೆ ಯಾವಾಗ, ಎಲ್ಲ ಸರಿಯಾಗಿ ಗೊತ್ತಿತ್ತು. ಆದರೆ ಐದು ನಿಮಿಷದ ಹಿಂದೆ ಹೇಳಿಕೊಟ್ಟ ಮೂರು ವಸ್ತುಗಳಲ್ಲಿ ಒಂದೂ ನೆನಪಾಗಲಿಲ್ಲ, ಕನ್ನಡದಲ್ಲೂ ಇಲ್ಲ, ಉರ್ದುವಿನಲ್ಲೂ ಇಲ್ಲ. ವೈದ್ಯರು ನೋಡಬೇಕಾದದ್ದು ಅದನ್ನು. ಮಿಕ್ಕ ಅಂಕಗಳು ಹೋದದ್ದು ಪರೀಕ್ಷೆಯ ತಪ್ಪಿನಿಂದ.

ಜಗತ್ತಿನ ಎಲ್ಲೆಡೆ ಬಳಸುವ 30 ಅಂಕದ ಎಂಎಂಎಸ್‌ಇ ಪರೀಕ್ಷೆ 1975ರಲ್ಲಿ ಅಮೆರಿಕದಲ್ಲಿ ಹುಟ್ಟಿದ್ದು. ಅದರಲ್ಲಿ ಓದಬೇಕು, ಬರೆಯಬೇಕು. ಹರಿಯಾಣದ ಬಲ್ಲಬ್‌ಗಢದಲ್ಲಿ ಅಕ್ಷರ ಬಾರದ ಹಳ್ಳಿಗರಿಗಾಗಿ ಅದನ್ನು ಹಿಂದಿಯಲ್ಲಿ ತಿದ್ದಿ ಕಟ್ಟಿದರು. "ಕಣ್ಣು ಮುಚ್ಚಿ" ಎಂಬ ಚೀಟಿ ಓದಿಸುವ ಬದಲು ಪರೀಕ್ಷಕರೇ ಕಣ್ಣು ಮುಚ್ಚಿ ತೋರಿಸಿ, ನಾನು ಮಾಡಿದ ಹಾಗೆ ಮಾಡಿ ಎನ್ನುತ್ತಾರೆ. ವಾಕ್ಯ ಬರೆಸುವ ಬದಲು ನಿಮ್ಮ ಮನೆಯ ಬಗ್ಗೆ ಏನಾದರೂ ಹೇಳಿ ಎನ್ನುತ್ತಾರೆ. ಎಷ್ಟು ಸರಳ, ಎಷ್ಟು ಮರ್ಯಾದೆಯ ಕೆಲಸ! ನಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲೂ ಇಂಥ ಕೆಲಸ ನಡೆದಿದೆ. 1934ರಿಂದ ಅಲ್ಲಿ ಹುಟ್ಟಿದವರ ಜನನ ದಾಖಲೆ ಹಿಡಿದು, ಇಳಿವಯಸ್ಸಿನಲ್ಲಿ ಅವರ ಬುದ್ಧಿಶಕ್ತಿಯನ್ನು ಸಂಶೋಧಕರು ಪರೀಕ್ಷಿಸಿದರು. ಐಸಿಎಂಆರ್ ಸಿದ್ಧಪಡಿಸಿದ ಪರೀಕ್ಷೆಗಳ ಕಟ್ಟು ಮೊದಲು ಬಂದ ಐದು ಭಾಷೆಗಳಲ್ಲಿ ಕನ್ನಡವೂ ಒಂದು. ಅದು ನಮ್ಮ ಹೆಮ್ಮೆ. ಆದರೆ ಕನ್ನಡದಲ್ಲಿ ಬಂತೆಂದು ಕನ್ನಡನಾಡಿನ ಎಲ್ಲ ಅಜ್ಜಿಯರಿಗೂ ಒದಗಿತು ಅಂದುಕೊಳ್ಳುವುದು ತಪ್ಪು. ಗಡಿಯಾಚೆ ಕನ್ನಡದ ಹಿರಿಯರನ್ನು ಮಲಯಾಳದಲ್ಲೋ ಮರಾಠಿಯಲ್ಲೋ ಪರೀಕ್ಷಿಸಿದರೆ ನಮಗೆ ಹೊಟ್ಟೆ ಉರಿಯುವುದಿಲ್ಲವೇ?

ಎರಡು ಭಾಷೆ ಹೊರೆಯಲ್ಲ. ಹೈದರಾಬಾದಿನಲ್ಲಿ ಸುವರ್ಣಾ ಅಲ್ಲಾಡಿ ಮತ್ತು ಜೊತೆಗಾರರು 648 ಡಿಮೆನ್ಶಿಯಾ ರೋಗಿಗಳನ್ನು ನೋಡಿ 2013ರಲ್ಲಿ ಬರೆದರು: ಒಂದೇ ಭಾಷೆಯವರಿಗಿಂತ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಅಕ್ಷರ ಕಲಿಯದವರಲ್ಲೂ. ಹಾಗೆ ಕಾಪಾಡಿದ ಮಾತನ್ನೇ ಪರೀಕ್ಷೆಯ ಕೋಣೆಯ ಹೊರಗೆ ನಿಲ್ಲಿಸುತ್ತಿದ್ದೇವೆ.

ಇನ್ನೊಂದು ಕಡೆ, ಅರವತ್ತಕ್ಕೆ ಅರಳುಮರಳು ಎಂದು ಕೈಬಿಡುವವರೂ ಇದ್ದಾರೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಔಷಧಿಯಿದೆ. ತೋರಿಸಲೇಬೇಕು. ತೋರಿಸುವಾಗ ಮನೆಮಾತು ಬಲ್ಲವರೊಬ್ಬರು ಜೊತೆಗಿರಲಿ, ಆದರೆ ಉತ್ತರ ಹೇಳಿಕೊಡುವುದು ಬೇಡ. ವೈದ್ಯರು ಸೊಸೆಯನ್ನೂ ಕೇಳಲಿ: ಚಿಲ್ಲರೆ ಎಣಿಸುತ್ತಾರಾ, ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರಾ, ಬೀದಿ ಕೊನೆಯಿಂದ ಮನೆಗೆ ದಾರಿ ಗೊತ್ತಾಗುತ್ತಾ? ಇಷ್ಟನ್ನು ಅದೇ ಬೀದಿಯ ಮಾತು ಬಲ್ಲ ಆಶಾ ಕಾರ್ಯಕರ್ತೆಯೂ ಕೇಳಬಲ್ಲಳು. ತರಬೇತಿಯನ್ನೂ ಪ್ರಶ್ನೆಗಳ ಹಾಳೆಯನ್ನೂ ತಾಲ್ಲೂಕು ಆಸ್ಪತ್ರೆ ಕೊಡಬೇಕು, ಜೊತೆಗೆ ಆ ಕೆಲಸಕ್ಕೆ ಸರಿಯಾದ ಕಾಸನ್ನೂ.